ಗೋಡೆಯ ಮೇಲಿನ ಸಿಪಾಯಿ



ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ಸೀಮೆಯು 1948ರ ಸಪ್ಟಂಬರದ ವರೆಗೆ ನಿಜಾಮರ ಆಳಿಕೆಯಲ್ಲಿದ್ದುದು ಸರ್ವರಿಗೂ ತಿಳಿದಿದೆ. ಆದಕಾರಣ ಇಲ್ಲಿನ ಮನೆಯೊಂದರಲ್ಲಿ ಬಂದೂಕು ಹಿಡಿದ ಹಿರಿಯರ ಪಟವಿದ್ದರೆ, ಇವರು ಯಾವ ಪಕ್ಷದವರೆಂಬ ಪ್ರಶ್ನೆ ಏಳದಿರದು.

ಈಚೆಗೆ ಕುಷ್ಟಗಿ ತಾಲೂಕಿನ ಸ್ನೇಹಿತರೊಬ್ಬರ ಮನೆಯಲ್ಲಿ ಹೀಗೆಯೇ ಆಯಿತು. ಮದುವೆಗೆ ಬಂದ ಅತಿಥಿಯೊಬ್ಬರು ಪಟವನ್ನು ನೋಡಿ, “ಇವರು ರಜಾಕಾರರಲ್ಲವೇ?” ಎಂದುಬಿಟ್ಟರು. ಮೊಮ್ಮಗನು, “ಬಂದೂಕು ಜರ್ಮನಿಯದು” ಎಂದು ತನ್ನದೊಂದು ಮಾತನ್ನು ಸೇರಿಸಿದನು. ಎಂಬತ್ತು ದಾಟಿದ ಅಜ್ಜಿಯವರು ಪಟವನ್ನು ಇಳಿಸಿ ಸೆರಗಿನಿಂದ ಒರೆಸುತ್ತ, “ನಮ್ಮ ಅಬ್ಬಾ ಯಾರ ಮನೀಗೂ ಬೆಂಕಿ ಹಚ್ಚಿದವರಲ್ಲ” ಎಂದಷ್ಟೇ ನುಡಿದರು. ಒಂದು ಮಾತಿನಿಂದ ಸತ್ತವರ ಹೆಸರು ಕೆಡುವುದೆಷ್ಟು ಸುಲಭ! ನಾವು ಭೂತಗನ್ನಡಿಯನ್ನು ತರಿಸಿದೆವು.

ಮೊದಲು ಬಂದೂಕು. ಜರ್ಮನರ 1898ರ ಮಾದರಿಯ ಮೌಸರ್ ಬಂದೂಕಿನಲ್ಲಿ ನಳಿಗೆಯ ತುದಿಯು ಮರದ ಕವಚದಿಂದ ಮುಂದಕ್ಕೆ ಚಾಚಿರುತ್ತದೆ. ಐದು ಗುಂಡುಗಳ ಮನೆಯು ಮರದೊಳಗೇ ಅಡಗಿರುತ್ತದೆ. 1907ರಲ್ಲಿ ಬಂದ ಗಿಡ್ಡ ಲೀ-ಎನ್‌ಫೀಲ್ಡಿನ ಮೂರನೆಯ ಮಾದರಿಯಲ್ಲಾದರೋ ಮರವು ಬಾಯಿಯ ವರೆಗೂ ಬಂದು ಮೂತಿ ಮೊಂಡಾಗಿ ತೋರುವುದು. ಹತ್ತು ಗುಂಡುಗಳ ಪೆಟ್ಟಿಗೆಯು ಕುದುರೆಯ ಮುಂದೆ ಕೆಳಗಿಳಿದಿರುವುದು. ಪಟದಲ್ಲಿದ್ದುದು ಈ ಎರಡನೆಯದು. ಇನ್ನೊಂದು ಗುಟ್ಟುಂಟು: ಎರಡರಲ್ಲಿಯೂ ಬೋಲ್ಟಿನ ಹಿಡಿ ಬಲಗಡೆಗೆ ಇರುತ್ತದೆ. ಅದು ಎಡಗಡೆಗೆ ಕಂಡರೆ ಪಟವೇ ತಿರುವಾಗಿ ಅಚ್ಚಾಗಿದೆ ಎಂದು ತಿಳಿಯಬೇಕು.

ಆದರೆ ಬಂದೂಕು ತನ್ನ ಜಾತಿಯನ್ನು ಹೇಳೀತೇ ಹೊರತು ಹಿಡಿದವನ ಪಕ್ಷವನ್ನು ಹೇಳದು. 1918ರ ಸಪ್ಟಂಬರ 23ರಂದು ಮೈಸೂರು ಮತ್ತು ಜೋಧಪುರದ ಭರ್ಜಿ ಸವಾರರು ಹೈಫಾ ಪಟ್ಟಣವನ್ನು ಗೆದ್ದರು. ಹೈದರಾಬಾದಿನ ಸವಾರರೂ ಅದೇ ಬ್ರಿಗೇಡಿನವರು. ಎದುರಾಳಿಗಳಾದ ತುರ್ಕರ ಕೈಯಲ್ಲಿ ಮೌಸರ್ ಬಂದೂಕುಗಳಿದ್ದವು. ಗೆದ್ದ ಮೌಸರನ್ನು ಹಿಡಿದು ಪಟ ತೆಗೆಸಿಕೊಂಡ ಮಾತ್ರಕ್ಕೆ ಮೈಸೂರಿನ ಸವಾರನು ತುರ್ಕನಾಗುವನೇ?

ದಳವನ್ನು ಅರಿಯಲು ಉಡುಪನ್ನು ನೋಡಬೇಕು. ಮೊದಲ ಮಹಾಯುದ್ಧದ ಜರ್ಮನ್ ಸಿಪಾಯಿಯ ಹೆಗಲಪಟ್ಟಿಯ ಮೇಲೆಯೂ ಶಿರಸ್ತ್ರಾಣದ ಬಟ್ಟೆಯ ಹೊದಿಕೆಯ ಮೇಲೆಯೂ ಬಹುಶಃ ರೆಜಿಮೆಂಟಿನ ಅಂಕೆ ಸಿಗುತ್ತದೆ. ನಮ್ಮ ಕಡೆಯವರಲ್ಲಿ ಹೆಗಲಿನ ಹಿತ್ತಾಳೆಯ ಅಕ್ಷರ, ರುಮಾಲು, ತೋಳಿನ ಪಟ್ಟಿ ಇವುಗಳನ್ನು ಗಮನಿಸಬೇಕು. ಮೂರು ಪಟ್ಟಿಯಾದರೆ ಪದಾತಿಯಲ್ಲಿ ಹವಾಲದಾರ, ಕುದುರೆಯ ದಳದಲ್ಲಿ ದಫೇದಾರ; ಪದಾತಿಯಲ್ಲಿ ಎರಡು ಪಟ್ಟಿಯಾದರೆ ನಾಯಕ.

ಅಜ್ಜಿಯವರ ಪಟದಲ್ಲಿ ಪಟ್ಟಿಗಳು ಎರಡು. ಹೆಗಲಿನ ಅಕ್ಷರ ಮಸಕಾಗಿತ್ತು. ಚೌಕಟ್ಟನ್ನು ಬಿಚ್ಚಲು, ಹಿಂಬದಿಯಲ್ಲಿ ಸಿಕಂದರಾಬಾದಿನ ಪಟದಂಗಡಿಯೊಂದರ ಮುದ್ರೆಯೂ ಸೀಸಕಡ್ಡಿಯಿಂದ ಬರೆದ “1941” ಎಂಬ ಅಂಕೆಯೂ ದೊರೆತವು. ರಜಾಕಾರರ ಶಸ್ತ್ರಧಾರಿ ಗುಂಪುಗಳ ಹಾವಳಿಯು ಈ ಸೀಮೆಯನ್ನು ನಡುಗಿಸಿದ್ದು 1947–48ರಲ್ಲಿ. 1941ರಲ್ಲಿಯಾದರೋ ಮಹಾಯುದ್ಧವು ನಡೆದಿತ್ತು. ಆ ವರ್ಷದ ಡಿಸೆಂಬರದಲ್ಲಿ ಮಲಯದ ಕೋಟಾ ಭಾರು ವಿಮಾನ ನಿಲ್ದಾಣದ ಕಾವಲಿಗಿದ್ದುದು ಒಂದನೆಯ ಹೈದರಾಬಾದ್ ಪದಾತಿ ದಳ. ಈ ನಾಯಕರು ಅದೇ ದಳದವರೆಂದು ಹೇಳಲು ಆಧಾರವಿಲ್ಲ. ಆದರೆ ಅವರನ್ನು ರಜಾಕಾರರೆನ್ನಲು ಈ ಪಟದಲ್ಲಿ ಎಳ್ಳಷ್ಟೂ ಸಾಕ್ಷಿಯಿಲ್ಲ. ಅತಿಥಿಗಳು ತಮ್ಮ ಮಾತನ್ನು ಹಿಂದೆಗೆದುಕೊಂಡರು.

ವಾಚಕರಲ್ಲಿ ಒಂದು ಬಿನ್ನಹ. ಮನೆಯ ಹಿರಿಯರು ಇರುವಾಗಲೇ ಹಳೆಯ ಪಟಗಳನ್ನು ಅವರ ಮುಂದಿಟ್ಟು, ಎಡದಿಂದ ಬಲಕ್ಕೆ ಒಬ್ಬೊಬ್ಬರ ಹೆಸರನ್ನೂ ಊರನ್ನೂ ಕೇಳಿರಿ. ಪಟದ ಹಿಂಬದಿಯಲ್ಲಿ ಮೆತ್ತನೆಯ ಸೀಸಕಡ್ಡಿಯಿಂದ, ಒತ್ತದೆ ಬರೆಯಿರಿ; ಮಸಿ ಬೇಡ. ಕೇಳಿ ತಿಳಿದುದನ್ನು ಕೇಳಿದ್ದೆಂದೂ, ಊಹಿಸಿದುದನ್ನು ಊಹೆಯೆಂದೂ ಬೇರೆಬೇರೆ ಕಾಣಿಸಿರಿ.

ಅಂದು ಅಜ್ಜಿಯವರು ಹೇಳುತ್ತ ಹೋದಂತೆ ಮೊಮ್ಮಗನು ಮುತ್ತಜ್ಜನ ಹೆಸರನ್ನೂ ಊರನ್ನೂ ಬರೆದನು. “ದಳ” ಎಂಬ ಮಾತಿನ ಮುಂದೆ ಸ್ಥಳವನ್ನು ಬರಿದಾಗಿ ಬಿಟ್ಟನು. ಪಟವು ಮರಳಿ ಗೋಡೆಗೇರಿತು.