ಸೆನಾಕ್: ನೆಲ ಯಾರದು, ತೀರ್ಮಾನ ಯಾರದು?

ಕೆನಡಾದ ಮೂಲನಿವಾಸಿಗಳೆಂದೊಡನೆ ನಮ್ಮ ಮನದಲ್ಲಿ ಮೂಡುವುದು ಕಾಡು, ಹಿಮ, ಗರಿಗಳ ಕಿರೀಟ. ಆದರೆ 2021ರ ಜನಗಣತಿಯ ಪ್ರಕಾರ ಆ ದೇಶದ 18 ಲಕ್ಷ ಮೂಲನಿವಾಸಿಗಳಲ್ಲಿ 8 ಲಕ್ಷ ಮಂದಿ ದೊಡ್ಡ ನಗರಗಳಲ್ಲೇ ಬಾಳುತ್ತಿದ್ದಾರೆ. ಅವರೆಲ್ಲ ನಗರಕ್ಕೆ ವಲಸೆ ಬಂದವರೆಂಬುದೂ ಪೂರ್ಣ ಸತ್ಯವಲ್ಲ. ಕೆಲವೆಡೆ ನಗರವೇ ಅವರ ಮೇಲೆ ಬಂದು ಕುಳಿತಿದೆ.

ವ್ಯಾಂಕೂವರ್ ನಗರದ ಸೆನಾಕ್ ಇದಕ್ಕೆ ನಿದರ್ಶನ. ಅದು ಸ್ಕ್ವಾಮಿಶ್ ಜನಾಂಗದವರ ಗ್ರಾಮವಾಗಿತ್ತು. 1913ರಲ್ಲಿ ಪ್ರಾಂತ್ಯದ ಸರಕಾರವು ಅಲ್ಲಿನ ಕುಟುಂಬಗಳನ್ನು ದೋಣಿಗೇರಿಸಿ ಕಳುಹಿಸಿತು, ಮನೆಗಳನ್ನು ಸುಟ್ಟುಹಾಕಲಾಯಿತು. ದೀರ್ಘಕಾಲದ ವ್ಯಾಜ್ಯದ ತರುವಾಯ, 2003ರಲ್ಲಿ, ಸುಮಾರು 80 ಎಕರೆಯಲ್ಲಿ ಹತ್ತು ಎಕರೆಯಷ್ಟು ಮಾತ್ರ ಮರಳಿ ದೊರಕಿತು. ಆ ತುಂಡುನೆಲದಲ್ಲಿ 11 ಗೋಪುರಗಳನ್ನೂ ಸುಮಾರು 6,000 ಬಾಡಿಗೆ ಮನೆಗಳನ್ನೂ ಕಟ್ಟಲು ಸ್ಕ್ವಾಮಿಶ್ ಸದಸ್ಯರು 2019ರಲ್ಲಿ ಮತದಾನದ ಮೂಲಕ ಸಮ್ಮತಿಸಿದರು. ಕಾಮಗಾರಿ ಆರಂಭವಾದದ್ದು 2022ರಲ್ಲಿ.

ಅದು ಮೀಸಲು ಭೂಮಿಯಾದುದರಿಂದ ನಗರಸಭೆಯ ವಲಯ ನಿಯಮಗಳು ಅಲ್ಲಿ ಅನ್ವಯಿಸವು. ನೀರು, ಒಳಚರಂಡಿ ಮುಂತಾದ ಸೇವೆಗಳಿಗಾಗಿ ನಗರಸಭೆಯೇ ಅವರೊಡನೆ ಒಪ್ಪಂದಕ್ಕೆ ಸಹಿ ಹಾಕಬೇಕಾಯಿತು. ನೂರು ವರ್ಷಗಳಲ್ಲಿ ಚಕ್ರ ಎಷ್ಟು ತಿರುಗಿದೆ ನೋಡಿ! ನೆರೆಯ ನಿವಾಸಿಗಳು ನ್ಯಾಯಾಲಯದ ಮೆಟ್ಟಲೇರಿದರಾದರೂ 2023ರಲ್ಲಿ ಅವರ ಅರ್ಜಿ ವಜಾ ಆಯಿತು. ಒಪ್ಪಂದದ ಮಾತುಕತೆ ಮುಚ್ಚಿದ ಬಾಗಿಲಿನ ಹಿಂದೆ ನಡೆಯಿತೆಂಬ ಅವರ ದೂರನ್ನು ನಾವು ಹಗುರವಾಗಿ ಕಾಣುವುದಿಲ್ಲ. ಆದರೆ "ಇಷ್ಟೆತ್ತರದ ಗೋಪುರಗಳು ಆದಿವಾಸಿಗಳ ರೀತಿಯೇ?" ಎಂಬ ಆಕ್ಷೇಪ ಬೇರೆಯೇ ಬಗೆಯದು. ಸ್ವರೂಪ ಯಾವುದು, ಆಕಸ್ಮಿಕ ಲಕ್ಷಣ ಯಾವುದು ಎಂದು ವಿಂಗಡಿಸುವುದು ತತ್ತ್ವಶಾಸ್ತ್ರದ ಮೊದಲ ಪಾಠ. ಮರದ ಮನೆಯೋ ಕಾಂಕ್ರೀಟೋ ಎಂಬುದು ಆಕಸ್ಮಿಕ; ತಮ್ಮ ನೆಲದ ಬಗ್ಗೆ ತಾವೇ ತೀರ್ಮಾನಿಸುವುದು ಸ್ವರೂಪ. ಮೂಲನಿವಾಸಿ ಬಡವನಾಗಿ, ಚಿತ್ರಪಟದಂತೆ ಉಳಿಯಲೆಂದು ಬಯಸುವವರು ಅವನನ್ನು ಪ್ರೀತಿಸುವುದಿಲ್ಲ, ವಸ್ತುಸಂಗ್ರಹಾಲಯದಲ್ಲಿ ಇರಿಸುತ್ತಾರೆ. ಯೋಜನಾ ಸಭೆಯಲ್ಲಿ ಅವನಿಗೊಂದು ಕುರ್ಚಿ ಹಾಕುವುದು ಸುಲಭ. ನಕ್ಷೆಯ ಪೆನ್ಸಿಲನ್ನೇ ಅವನ ಕೈಗಿಡುವುದು ಕಷ್ಟ.

ಈ ವಿಷಯ ಧರ್ಮಸಭೆಗೆ ದೂರದ್ದಲ್ಲ. ಹದಿನೈದನೆಯ ಶತಮಾನದ ಪೋಪರ ಆಜ್ಞಾಪತ್ರಗಳನ್ನು ಆಧರಿಸಿ, ಯುರೋಪಿಯನ್ನರು ಕಂಡ ನೆಲವೆಲ್ಲ ಅವರದೇ ಎಂದು ಸಾಧಿಸಿದ "ಶೋಧನಾ ಸಿದ್ಧಾಂತ"ವನ್ನು ವ್ಯಾಟಿಕನ್ 2023ರ ಮಾರ್ಚ್ 30ರಂದು ಸ್ಪಷ್ಟವಾಗಿ ತಿರಸ್ಕರಿಸಿತು. ಅದರ ಹಿಂದಿನ ವರ್ಷ ಕೆನಡಾಕ್ಕೆ ತೆರಳಿದ ದಿವಂಗತ ಪೋಪ್ ಫ್ರಾನ್ಸಿಸ್, ವಸತಿ ಶಾಲೆಗಳಲ್ಲಿ ಮೂಲನಿವಾಸಿ ಮಕ್ಕಳಿಗಾದ ಕೇಡಿಗಾಗಿ ಕ್ಷಮೆ ಯಾಚಿಸಿದ್ದರು.

ಇಂದು ನಮ್ಮ ಅನೇಕ ಮನೆಗಳ ಮಕ್ಕಳು ಕೆನಡಾದಲ್ಲಿ ಬಾಡಿಗೆ ಮನೆ ಹುಡುಕುತ್ತಿದ್ದಾರೆ. ಸೆನಾಕ್‌ನ ಹೆಚ್ಚಿನ ಮನೆಗಳಿಗೂ ಮಾರುಕಟ್ಟೆಯ ಬಾಡಿಗೆಯೇ. ಬಡ ಬಾಡಿಗೆದಾರನಿಗೆ ಅದು ಹೊರೆಯಾದೀತು. ಆದರೆ ಈ ಬಾರಿ ಆ ಬಾಡಿಗೆಯ ಪಾಲು ಹೋಗುವುದು 1913ರಲ್ಲಿ ದೋಣಿಗೇರಿಸಲ್ಪಟ್ಟವರ ಮೊಮ್ಮಕ್ಕಳಿಗೆ.