ಬೆಲ್ಟ್ ಬದಲಾಯಿತು, ಬಿಲ್ ಎಲ್ಲಿದೆ?

ಪರ್ತ್, ಬ್ರಿಸ್ಬೇನ್, ಅಡಿಲೇಡ್‌ನಲ್ಲಿ ದುಡಿಯುವ ನಮ್ಮವರಿಗೆ ಕಾರು ಅಂದ್ರೆ ಶೋಕಿ ಅಲ್ಲ. ಬೆಳಗಿನ ಜಾವದ ಪಾಳಿಗೆ ಹೋಗಲು ಅದೇ ಗತಿ. ಊಬರ್, ಡೆಲಿವರಿ ಮಾಡುವವರಿಗಂತೂ ಕಾರೇ ಅಂಗಡಿ. ಎಂಜಿನ್ ನಿಂತರೆ ಊರಿಗೆ ಕಳಿಸುವ ಹಣವೂ ನಿಲ್ಲುತ್ತದೆ.

ಪಿಸ್ಟನ್ ಮತ್ತು ವಾಲ್ವ್‌ಗಳನ್ನು ತಾಳ ತಪ್ಪದಂತೆ ಓಡಿಸುವ ಹಲ್ಲಿನ ಪಟ್ಟಿಯೇ ಟೈಮಿಂಗ್ ಬೆಲ್ಟ್. 2015ಕ್ಕಿಂತ ಹಿಂದಿನ 3 ಲೀಟರ್ ಡೀಸೆಲ್ ಹೈಲಕ್ಸ್‌ನಲ್ಲಿ ಇದನ್ನು 1,50,000 ಕಿಲೋಮೀಟರ್‌ಗೆ ಬದಲಾಯಿಸಬೇಕು. ಬೆಲ್ಟ್ ಜಾರಿದರೆ ಹಲವು ಎಂಜಿನ್‌ಗಳಲ್ಲಿ ಪಿಸ್ಟನ್ ಬಡಿದು ವಾಲ್ವ್ ಬಗ್ಗುತ್ತದೆ. ಹೊಸ ಬೆಲ್ಟ್ ಹಾಕಿದ ಮೇಲೂ ಹೀಗಾಗಬಹುದು: ಗುರುತಿಗೆ ಗುರುತು ಕೂಡಿಸದಿದ್ದರೆ, ಇಲ್ಲವೇ ಹಳೇ ಟೆನ್ಷನರನ್ನು ಹಾಗೇ ಬಿಟ್ಟು ಅದು ಕೈಕೊಟ್ಟರೆ. ಆಗ ಶುರು ಜಗಳ. "ನಿನ್ನ ಎಂಜಿನ್ನೇ ಹಳತು" ಅಂತ ಗ್ಯಾರೇಜಿನವರು, "ನಿನ್ನೆವರೆಗೆ ಓಡ್ತಿತ್ತಲ್ಲ" ಅಂತ ನಾವು.

ನನ್ನ ಅಭಿಪ್ರಾಯ ಇಷ್ಟೇ. ಈ ಜಗಳದಲ್ಲಿ ನಾವು ಸೋಲುವುದು ಕಾನೂನು ಇಲ್ಲದೆ ಅಲ್ಲ, ಕಾಗದ ಇಲ್ಲದೆ.

2011ರ ಜನವರಿ 1ರಿಂದ ಜಾರಿಯಲ್ಲಿರುವ ಆಸ್ಟ್ರೇಲಿಯನ್ ಕನ್ಸ್ಯೂಮರ್ ಲಾ ಪ್ರಕಾರ ರಿಪೇರಿಯನ್ನು ಜಾಗ್ರತೆಯಿಂದ, ಕೌಶಲದಿಂದ ಮಾಡಲೇಬೇಕು. ಅವರ ತಪ್ಪಿನಿಂದ ಎಂಜಿನ್ ಕೆಟ್ಟರೆ ನಷ್ಟವನ್ನೂ ಕೇಳಬಹುದು. ಬಾಡಿಗೆಗೆ ಓಡಿಸುವ ಕಾರಿನ ರಿಪೇರಿಗೂ ಈ ರಕ್ಷಣೆ ಇದೆ. ಈ ಹಕ್ಕಿಗೆ ಪೌರತ್ವ ಬೇಕಿಲ್ಲ. ವೀಸಾಕ್ಕೆ ತೊಂದರೆಯಾದೀತು ಎಂದು ಹೆದರಿ ಸುಮ್ಮನಿರಬೇಡಿ.

ಆದರೆ "ಬಿಲ್ ಯಾಕೆ ಮಾರಾಯ, ನಾವು ನಾವೇ ಅಲ್ವಾ" ಅಂತ ಕ್ಯಾಶ್ ಕೊಟ್ಟು ಬಂದರೆ? 900 ಡಾಲರ್ ಕೆಲಸಕ್ಕೆ ಜಿಎಸ್‌ಟಿ 90 ಡಾಲರ್ ಉಳಿಯಿತು ಅನ್ನಿ. ನಾಳೆ ಎಂಜಿನ್ ಹೋದರೆ ಸಾವಿರಾರು ಡಾಲರ್ ಹೋಗುತ್ತದೆ. ಲೆಕ್ಕ ಬರೆಯುವವನಾಗಿ ಹೇಳುತ್ತೇನೆ, ಇದು ಉಳಿತಾಯವಲ್ಲ. 75 ಡಾಲರ್ ಮೇಲಿನ ವ್ಯವಹಾರಕ್ಕೆ ಅವರು ರಸೀದಿ ಕೊಡಲೇಬೇಕು. ಕೆಲಸ ಮುಗಿದು 30 ದಿನದೊಳಗೆ ವಿವರವಾದ ಬಿಲ್ ಕೇಳಿದರೆ 7 ದಿನದಲ್ಲಿ ಪುಕ್ಕಟೆ ಕೊಡಬೇಕು. ಅದರಲ್ಲಿ ಹಾಕಿದ ಪಾರ್ಟ್ಸ್, ಓಡಿದ ಕಿಲೋಮೀಟರ್ ಬರೆಸಿಕೊಳ್ಳಿ. ಬಿಲ್ ಇಲ್ಲದಿದ್ದರೆ ವಾಟ್ಸಾಪ್ ಮೆಸೇಜ್, ಬ್ಯಾಂಕ್ ದಾಖಲೆ ಅಳಿಸಬೇಡಿ.

ಎಂಜಿನ್ ನಿಂತ ಕೂಡಲೇ ಬೇರೆ ಗ್ಯಾರೇಜಿನಲ್ಲಿ ಬಿಚ್ಚಿಸಬೇಡಿ. ಮೊದಲ ಗ್ಯಾರೇಜಿಗೆ ಬರಹದಲ್ಲಿ ತಿಳಿಸಿ, ಸರಿಪಡಿಸಲು ಅವಕಾಶ ಕೊಡಿ. ಒಪ್ಪದಿದ್ದರೆ ಬೇರೊಬ್ಬ ಮೆಕ್ಯಾನಿಕ್‌ನಿಂದ ಫೋಟೋ ಸಮೇತ ವರದಿ ಪಡೆಯಿರಿ. ನ್ಯಾಯ ಎರಡೂ ಕಡೆ ಇರಲಿ: ಪಾರ್ಟ್ಸ್ ನೀವೇ ಆನ್‌ಲೈನ್‌ನಲ್ಲಿ ತಂದುಕೊಟ್ಟಿದ್ದರೆ, ಅದರ ದೋಷಕ್ಕೆ ಗ್ಯಾರೇಜಿನವರನ್ನು ದೂರುವುದು ಕಷ್ಟ.

ದೂರು ಕೊಡಲು ಪರ್ತ್‌ನಲ್ಲಿ ಕನ್ಸ್ಯೂಮರ್ ಪ್ರೊಟೆಕ್ಷನ್, ಬ್ರಿಸ್ಬೇನ್‌ನಲ್ಲಿ ಆಫೀಸ್ ಆಫ್ ಫೇರ್ ಟ್ರೇಡಿಂಗ್, ಅಡಿಲೇಡ್‌ನಲ್ಲಿ ಕನ್ಸ್ಯೂಮರ್ ಅಂಡ್ ಬಿಸಿನೆಸ್ ಸರ್ವಿಸಸ್ ಇವೆ. ಅಲ್ಲಿ ಬಗೆಹರಿಯದಿದ್ದರೆ ಸಣ್ಣ ದಾವೆಗಳ ದಾರಿ ಇದೆ: ಪರ್ತ್ ಮತ್ತು ಅಡಿಲೇಡ್‌ನಲ್ಲಿ ಮ್ಯಾಜಿಸ್ಟ್ರೇಟ್ಸ್ ಕೋರ್ಟ್, ಬ್ರಿಸ್ಬೇನ್‌ನಲ್ಲಿ 25,000 ಡಾಲರ್‌ವರೆಗೆ ಕ್ಯೂಕ್ಯಾಟ್ ಟ್ರಿಬ್ಯುನಲ್. ಪರ್ತ್‌ನಲ್ಲಿ ಗ್ಯಾರೇಜಿಗೆ ಲೈಸನ್ಸ್ ಕಡ್ಡಾಯ, ಮೊದಲೇ ನೋಡಿಕೊಳ್ಳಿ.

ನಮ್ಮದು ವ್ಯಾಪಾರದಿಂದಲೇ ಹೆಸರು ಪಡೆದ ಸಮುದಾಯ. ಮಂಗಳೂರಿನ ಬಂದರಿನಲ್ಲಿ ನಂಬಿಕೆಯ ಜೊತೆ ಲೆಕ್ಕದ ಪುಸ್ತಕವೂ ಇರುತ್ತಿತ್ತು. ಬಿಲ್ ಕೇಳಿದರೆ ಅಪನಂಬಿಕೆ ಅಂತ ಯಾರೂ ತಿಳಿಯಬಾರದು. ಗ್ಯಾರೇಜ್ ನಡೆಸುವ ನಮ್ಮವರು ಕೇಳುವ ಮೊದಲೇ ಬಿಲ್ ಕೊಟ್ಟರೆ ಇನ್ನೂ ಒಳ್ಳೇದು.