ಮಳೆಗಾಲದ ಕೂಟಕ್ಕೂ ಒಂದು ಬೆಲೆ ಇರಲಿ

ಹತ್ತನಾವಧಿ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದವೆಂದರೆ ನಮ್ಮ ಕುಂದಾಪುರ, ಬೈಂದೂರು, ಬ್ರಹ್ಮಾವರ ಕಡೆ ಆಟದ ಕಾಲ ಮುಗಿದು ಕೂಟದ ಕಾಲ ಶುರು. ಗದ್ದೆಯಲ್ಲಿ ನೀರು, ರಂಗಸ್ಥಳಕ್ಕೆ ಜಾಗವಿಲ್ಲ. ದೇವಸ್ಥಾನದ ಪೌಳಿಯಲ್ಲೋ ಮನೆಯ ಚಾವಡಿಯಲ್ಲೋ ಭಾಗವತರು, ಮದ್ದಲೆಯವರು, ನಾಲ್ಕೈದು ಅರ್ಥಧಾರಿಗಳು ಕೂರುತ್ತಾರೆ. ವೇಷವಿಲ್ಲ, ಕುಣಿತವಿಲ್ಲ, ಪದ್ಯ ಮತ್ತು ಮಾತು ಅಷ್ಟೇ. ಮಂದಾರ್ತಿಯ ಹರಕೆಯಾಟಕ್ಕೆ ವರ್ಷಗಟ್ಟಲೆ ಕಾಯುವ ನಾವೇ ತಾಳಮದ್ದಲೆ ಎಂದರೆ 'ಹೊತ್ತ್ ಹೋಪುಕೆ' ಅನ್ನುತ್ತೇವೆ. ಇದು ಸರಿಯಲ್ಲ.

ಯುರೋಪಿನಲ್ಲೂ ಇಂಥದ್ದೇ ಒಂದು ಕಲೆ ಉಂಟು. ಹೆಸರು ಒರಟೋರಿಯೊ. ಹೆಚ್ಚಾಗಿ ಬೈಬಲಿನ ಕತೆ. ಹಾಡುಗಾರರು ನಿಂತು ಹಾಡುತ್ತಾರೆ, ಹಿಂದೆ ವಾದ್ಯಗಳು. ಅಲ್ಲೂ ವೇಷವಿಲ್ಲ. 18ನೇ ಶತಮಾನದ ಲಂಡನ್ನಿನಲ್ಲಿ, ಈಸ್ಟರಿಗೆ ಮುಂಚಿನ ತಪಸ್ಸುಕಾಲದ ಬುಧವಾರ, ಶುಕ್ರವಾರಗಳಲ್ಲಿ ನಾಟಕ ಆಡುವಂತಿರಲಿಲ್ಲ. ಸಂಗೀತಗಾರ ಹ್ಯಾಂಡೆಲ್ ಆ ಕಾಲವನ್ನೇ ಒರಟೋರಿಯೊ ಋತು ಮಾಡಿಕೊಂಡ. ನಮಗೆ ಮಳೆ ತಡೆ, ಅವರಿಗೆ ವ್ರತ ತಡೆ. ಆದರೆ ಅಲ್ಲಿನ ಜನ ಟಿಕೆಟ್ ಕೊಂಡು ಬಂದರು. ಹಾಡಿನ ಸಾಲುಗಳನ್ನು ಅಚ್ಚು ಹಾಕಿದ ಪುಸ್ತಕವನ್ನೂ ಕೊಂಡು, ಅದನ್ನು ನೋಡುತ್ತಾ ಕೇಳಿದರು.

1752ರಲ್ಲಿ ಹ್ಯಾಂಡೆಲ್ ಹಾಡಿಸಿದ್ದು ಯೆಫ್ತಾಹನ ಕತೆ. ಯುದ್ಧ ಗೆದ್ದರೆ, ಮನೆಯಿಂದ ಮೊದಲು ಎದುರು ಬಂದದ್ದನ್ನು ದೇವರಿಗೆ ಬಲಿ ಕೊಡುತ್ತೇನೆಂದು ಹರಕೆ ಹೊತ್ತವನು ಅವನು. ಎದುರು ಬಂದದ್ದು ಒಬ್ಬಳೇ ಮಗಳು. ಬೈಬಲಿನಲ್ಲಿ ಅಪ್ಪ ಹರಕೆ ತೀರಿಸಿದ ಎಂದಿದೆ. ಹ್ಯಾಂಡೆಲನಲ್ಲಿ ದೇವದೂತ ಬಂದು ಉಳಿಸುತ್ತಾನೆ. ನಮ್ಮವರಿಗೆ ತಕ್ಷಣ ನೆನಪಾಗುವುದು ರುಕ್ಮಾಂಗದ ಚರಿತ್ರೆ. ಮೋಹಿನಿಗೆ ಕೊಟ್ಟ ಮಾತಿಗೆ ಮಗ ಧರ್ಮಾಂಗದನ ಮೇಲೆ ಕತ್ತಿ ಎತ್ತಿದ ಅಪ್ಪನ ಕೈಯನ್ನು ವಿಷ್ಣು ಬಂದು ತಡೆಯುತ್ತಾನೆ. ಕೊಟ್ಟ ಮಾತು ದೊಡ್ಡದೋ, ಮಗುವಿನ ಜೀವ ದೊಡ್ಡದೋ? ಈ ಪ್ರಶ್ನೆಗೆ ಕಿರೀಟ, ಬಣ್ಣ ಬೇಡ. ಒಳ್ಳೆಯ ಸ್ವರ, ಒಳ್ಳೆಯ ಮಾತು, ಕೇಳುವ ಕಿವಿ ಸಾಕು.

ಆ ಕಿವಿ ನಮಗಿಲ್ಲವೇ? ಗುಂಡ್ಮಿಯ ಕಾಳಿಂಗ ನಾವಡರು 1990ರಲ್ಲಿ ತೀರಿಕೊಂಡರು. ಆಟವನ್ನು ಕಣ್ಣಾರೆ ಕಾಣದ ಇಂದಿನ ಹುಡುಗರೂ ಅವರ ಪದ್ಯವನ್ನು ಫೋನಿನಲ್ಲಿ ಹಾಕಿಕೊಂಡು ಕೇಳುತ್ತಾರೆ. ಅಲ್ಲಿ ಯಾವ ವೇಷ ಉಂಟು ಮಾರಾಯ್ರೆ?

ಹಾಗಾಗಿ ಕೂಟ ಮಾಡಿಸುವ ಸಂಘಗಳಿಗೆ ಮೂರು ಮಾತು. ಒಂದು, ಸಂಭಾವನೆಯನ್ನು ಮೊದಲೇ ಮಾತಾಡಿ. ಅರ್ಥಧಾರಿಗೆ ಮಾತ್ರವಲ್ಲ, ಮದ್ದಲೆ, ಚಂಡೆಯವರಿಗೂ. ತಿರುಗಾಟದ ಸಂಬಳ ನಿಂತ ತಿಂಗಳುಗಳಲ್ಲಿ ಇದು ಶಾಲೆ ಫೀಸಿನ ದುಡ್ಡು. ಶಾಲು, ಹಾರದಿಂದ ಅದು ತೀರುವುದಿಲ್ಲ. ಉಡುಪಿಯ ಯಕ್ಷಗಾನ ಕಲಾರಂಗ ಕಲಾವಿದರ ಕಷ್ಟಸುಖಕ್ಕೆ ನಿಲ್ಲುತ್ತದೆ ಎಂದು ಊರಿನವರು ಕೈ ತೊಳೆದುಕೊಳ್ಳುವಂತಿಲ್ಲ. ಎರಡು, ಪದ್ಯಕ್ಕೆ ಜಾಗ ಕೊಡಿ. ಭಾಗವತರು ಒಂದು ಪದ್ಯ ಹೇಳಿ ಮುಕ್ಕಾಲು ಗಂಟೆ ಸುಮ್ಮನೆ ಕೂರುವ ಕೂಟ, ಕೂಟವಲ್ಲ, ಭಾಷಣ. ಮೂರು, ಅಂದಿನ ಪ್ರಸಂಗದ ಪದ್ಯಗಳನ್ನು ಹಿಂದಿನ ದಿನವೇ ಊರಿನ ವಾಟ್ಸಾಪ್ ಗುಂಪಿಗೆ ಹಾಕಿ. ಲಂಡನ್ನಿನವರು ದುಡ್ಡು ಕೊಟ್ಟು ಕೊಂಡದ್ದು ನಮಗೆ ಖರ್ಚಿಲ್ಲದೆ ಸಿಗುತ್ತದೆ. ಸಾಹಿತ್ಯ ಕೈಯಲ್ಲಿದ್ದರೆ ಮಕ್ಕಳೂ ಕೂತು ಕೇಳುತ್ತಾರೆ.

ಕೇಳುವವರಿಗೆ ಒಂದೇ ಮಾತು: ಕಾಫಿ, ಅವಲಕ್ಕಿ ಮುಗಿಸಿ ಎದ್ದು ಹೋಗಬೇಡಿ. ಮಂಗಳದ ಪದ್ಯದವರೆಗೆ ಕೂತಿರಿ. ಹೋಗುವಾಗ ಹರಿವಾಣಕ್ಕೆ ನಿಮ್ಮ ಕೈಲಾದದ್ದು ಹಾಕಿ.